ಸೋರುವ ತಾರಸಿಯ ಮೇಲೆ ಶೀಟಿನ ಮಾಡು: ಹಲವು ಮಳೆಗಾಲಗಳ ಬಳಿಕ

ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ ಬೀಳುವ ಕರಾವಳಿಯಲ್ಲಿ ಹಂಚಿನ ಮಾಡನ್ನು ಬಿಟ್ಟು ಚಪ್ಪಟೆ ತಾರಸಿಗೆ ಬಂದ 1980ರ ದಶಕದ ಬಹಳಷ್ಟು ಮನೆಗಳು ಈಗ ತಾರಸಿಯ ಮೇಲೆ ಮತ್ತೆ ಇಳಿಜಾರು ಮಾಡನ್ನು ಹೊತ್ತು ನಿಂತಿವೆ. ಸುರತ್ಕಲ್ಲಿನ ನಮ್ಮ ಮನೆಗೂ 2019ರ ಬೇಸಿಗೆಯಲ್ಲಿ ಕಬ್ಬಿಣದ ಚೌಕ ಪೈಪುಗಳ ಮೇಲೆ ಬಣ್ಣ ಲೇಪಿತ ಶೀಟು ಹಾಕಿಸಿದೆವು. ಜಲನಿರೋಧಕ ಲೇಪನ ಒಂದೆರಡು ಮಳೆಗಾಲಕ್ಕೇ ಸೀಳು ಬಿಡುತ್ತಿತ್ತು. ಸ್ಲ್ಯಾಬ್ ಒಡೆದು ಹೊಸದಾಗಿ ಎರಕ ಹೊಯ್ಯಿಸುವುದು ನನ್ನ ಪಿಂಚಣಿಗೆ ನಿಲುಕುವ ಮಾತಾಗಿರಲಿಲ್ಲ.

ಸೋರುವುದು ನಿಂತಿತು. ಆದರೆ ಹಾಕಿಸುವಾಗ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಲಾಭವೊಂದು ಜೂನ್ ತಿಂಗಳಲ್ಲಿ ಕಂಡಿತು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೆಂದರೆ ನಮ್ಮ ಕಡೆ ಮನೆಯ ಒಳಗೆಲ್ಲ ಹಗ್ಗ ಕಟ್ಟಿ, ಫ್ಯಾನಿನ ಕೆಳಗೆ ಮುಗ್ಗಲು ವಾಸನೆಯ ಪಂಚೆಗಳನ್ನು ತೂಗುಹಾಕುವ ಕೆಲಸ. ಈಗ ನನ್ನಾಕೆ ಬೆಳಗಿನ ಕಾಫಿ ಮುಗಿದೊಡನೆ ಬುಟ್ಟಿ ಹೊತ್ತು ಮೇಲೆ ಹೋಗುತ್ತಾಳೆ. ಇರಚಲು ಹೊಡೆಯುವ ಪಡುವಣ ಬದಿಯನ್ನು ಬಿಟ್ಟು, ದಪ್ಪ ಬಟ್ಟೆಗಳನ್ನು ಗಾಳಿ ಆಡುವ ನಡುಸಾಲಿಗೂ ತೆಳುವಾದವನ್ನು ಮೆಟ್ಟಿಲ ಬಳಿಗೂ ಹರವುತ್ತಾಳೆ. ಸಂಜೆ ಅವನ್ನು ಮಡಚುವ ಕೆಲಸ ನನ್ನದು. ಎಷ್ಟೇ ಜೋರು ಮಳೆಯಿರಲಿ, ಮರುದಿನಕ್ಕೆ ಒಣಗಿದ ಟವೆಲು ಸಿಗುತ್ತದೆ. ಈ ಒಂದೇ ಕಾರಣಕ್ಕೆ ಶೀಟಿನ ಹಣ ಹುಟ್ಟಿತೆಂದು ಅವಳು ಹೇಳುವುದನ್ನು ನಾನು ಅಲ್ಲಗಳೆಯಲಾರೆ. ನಷ್ಟವಾದದ್ದು ಹಲಸಿನ ಹಪ್ಪಳಕ್ಕೆ ಮಾತ್ರ. ಮೇ ತಿಂಗಳ ಬಿಸಿಲು ತಾರಸಿಗೆ ಬೀಳದ ಕಾರಣ ಚಾಪೆ ಅಂಗಳಕ್ಕೆ ಇಳಿದಿದೆ, ಕಾಗೆ ಕಾಯುವ ಕೆಲಸವೂ ಅದರೊಂದಿಗೆ ಬಂದಿದೆ.

ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಡುವೆ ಸ್ಲ್ಯಾಬ್ ಇರುವುದರಿಂದ ಕೆಳಗಿನ ಕೋಣೆಗಳಲ್ಲಿ ನಿದ್ದೆ ಕೆಡುವಷ್ಟು ಸದ್ದಿಲ್ಲ.

ನನ್ನ ಅಸಮಾಧಾನ ಬೇರೆ ಕಡೆಗಿದೆ. ಇಂತಹ ಶೀಟಿನ ಉಕ್ಕಿಗೆ ಸಾಮಾನ್ಯವಾಗಿ ಸುಮಾರು ಶೇ. 55 ಅಲ್ಯುಮಿನಿಯಂ ಮತ್ತು ಉಳಿದಂತೆ ಬಹುಪಾಲು ಸತುವಿರುವ ಲೇಪನವಿದ್ದು, ಬಣ್ಣ ಅದರ ಮೇಲೆ ಕೂರುತ್ತದೆ. ನಮ್ಮಲ್ಲಿಗೆ ಬಂದ ಫ್ಯಾಬ್ರಿಕೇಟರ್ ಶೀಟುಗಳನ್ನು ತಗಡು ಕತ್ತರಿಯಿಂದ ಕತ್ತರಿಸುವ ಬದಲು ಗ್ರೈಂಡರಿನಿಂದ ಕೊಯ್ದ. ಗ್ರೈಂಡರಿನ ಬಿಸಿಗೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಹಾರಿದ ಕಿಡಿಗಳು ಬಣ್ಣದ ಮೇಲೆ ಅಂಟಿ, ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಾಗುತ್ತವೆ. ಸಮುದ್ರದ ಉಪ್ಪುಗಾಳಿಗೆ ಇಷ್ಟು ಸಾಕು. ಮಾಡಿನ ನೀರು ಹರಿದುಹೋಗುವ ದಂಬೆಯ ಮೇಲಿನ ಅಂಚು ಈಗ ಕೆಂಪಗೆ ಹುಡಿಯಾಗುತ್ತಿದೆ, ಶೀಟಿನ ನಡುಭಾಗ ಮಾತ್ರ ಹೊಸದರಂತೆಯೇ ಇದೆ. ಕೆಲವು ಸ್ಕ್ರೂಗಳನ್ನು ಅತಿಯಾಗಿ ಬಿಗಿದದ್ದರಿಂದ ರಬ್ಬರ್ ವಾಷರುಗಳು ಹಿಂಡಿ ಬಿರಿದು, ಅಲ್ಲಿ ಹನಿ ಜಿನುಗುತ್ತದೆ. ಶೀಟಿನ ದಪ್ಪವನ್ನು ಮೈಕ್ರೋಮೀಟರ್ ಹಿಡಿದು ನೋಡುವ ನಮ್ಮ ಜನ, ಅದನ್ನು ಯಾವುದರಿಂದ ಕತ್ತರಿಸುತ್ತಾರೆಂದು ಕೇಳುವುದೇ ಇಲ್ಲ.

ಇನ್ನೊಂದು ಮಾತನ್ನು ಮಾರುವವರು ಯಾರೂ ಹೇಳುವುದಿಲ್ಲ: ಈ ಮಾಡು ನೀರನ್ನು ತಡೆಯುತ್ತದೆಯೇ ಹೊರತು ಸ್ಲ್ಯಾಬನ್ನು ರಿಪೇರಿ ಮಾಡುವುದಿಲ್ಲ. ದಶಕಗಳ ಕಾಲ ನೀರು ಮತ್ತು ಉಪ್ಪು ಕುಡಿದ ಕಾಂಕ್ರೀಟಿನೊಳಗೆ ಸರಳು ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ ಮತ್ತು ಕೆಳಗಿನ ಗಾರೆಯನ್ನು ನೂಕಿ ಉದುರಿಸುತ್ತದೆ. ಮೇಲೆ ನೆರಳು ಬಂದ ಮಾತ್ರಕ್ಕೆ ಒಳಗಿನ ತುಕ್ಕು ಮಾಯುವುದಿಲ್ಲ. ಕರಾವಳಿಯ ತೇವದ ಗಾಳಿಯೇ ಅದನ್ನು ಮುಂದುವರಿಸುತ್ತದೆ. ಸಡಿಲವಾದ ಗಾರೆಯನ್ನು ಕೆತ್ತಿ, ಸರಳನ್ನು ಉಜ್ಜಿ ತುಕ್ಕು ನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯನ್ನು ಮೆತ್ತುವುದು ಬೇರೆಯೇ ಖರ್ಚು. ಶೀಟಿನ ಬಜೆಟ್ ಹಾಕುವವರು ಇದನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಅಂಚುಗಳ ತುಕ್ಕನ್ನು ಕೆರೆದು ಸತುವಿನ ಪ್ರೈಮರ್ ಬಳಿಸಿದ್ದೇವೆ, ಬಿರಿದ ವಾಷರುಗಳನ್ನೂ ಬದಲಿಸಿದ್ದೇವೆ. ಮಲಗುವ ಕೋಣೆಯ ಸೀಲಿಂಗಿನ ಕೆಲಸಕ್ಕೆ ಮೇಸ್ತ್ರಿ ಮುಂದಿನ ಬೇಸಿಗೆಗೆ ಬರುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಮಂಚವನ್ನು ಕಿಟಕಿಯ ಕಡೆಗೆ ಸರಿಸಿಕೊಂಡಿದ್ದೇವೆ.