ಅಂಗಳದ ಕ್ಯಾಮೆರಾ ಯಾರ್ಯಾರು ನೋಡಬಹುದು? ಒಂದೇ ಮನೆ, ಮೂರು ಆ್ಯಪ್

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಪ್ಪಯ್ಯ, ಆಯಿ, ಅಣ್ಣ, ಅತ್ತಿಗೆ, ಎಂಟನೇ ಕ್ಲಾಸಿನ ಅವರ ಮಗ, ಮತ್ತೆ ನಾನು. ಅಡಿಕೆ ಒಣಗಿಸುವ ಅಂಗಳಕ್ಕೊಂದು ಕ್ಯಾಮೆರಾ, ಬಚ್ಚಲ ಗೀಸರ್‌ಗೆ ಫೋನಿನಿಂದಲೇ ಆನ್, ಆಫ್ ಮಾಡುವ 16 ಆಂಪಿಯರ್ ಸ್ಮಾರ್ಟ್ ಪ್ಲಗ್, ಜಗಲಿಯಲ್ಲಿ ಗೂಗಲ್ ಸ್ಪೀಕರ್, ನಾಲ್ಕಾರು ದೀಪ. ಎಲ್ಲರ ಫೋನಿನಲ್ಲೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್.

ಒಂದು ದಿನ ಅತ್ತಿಗೆ ಕೇಳಿದರು, "ಬಟ್ಟೆ ಒಣಹಾಕುವ ಜಾಗವೂ ಇದರಲ್ಲಿ ಕಾಣ್ತದೆ. ಇದನ್ನ ಯಾರ್ಯಾರು ನೋಡ್ತಾರೆ?" ನನಗೆ ಗೊತ್ತಿರಲಿಲ್ಲ. ಹುಡುಕಿ ನೋಡಿದರೆ, ಕ್ಯಾಮೆರಾ ಕೂರಿಸಿ ಹೋದ ಹುಡುಗ ತನ್ನ ಫೋನಿನಲ್ಲೇ ಖಾತೆ ತೆರೆದು ನಮಗೆ ಬರೀ ಶೇರ್ ಮಾಡಿದ್ದ. ಅಂದರೆ ನಮ್ಮ ಅಂಗಳದ ಕ್ಯಾಮೆರಾಕ್ಕೆ ಮಾಲೀಕ ಅವನು! ಬೇಗ ಕೆಲಸ ಮುಗಿಸುವ ಗಡಿಬಿಡಿಯಲ್ಲಿ ಹಾಗೆ ಮಾಡಿರಬಹುದು, ಆದರೂ ನನಗೆ ಸಿಟ್ಟೂ ಬಂತು, ಇಷ್ಟು ದಿನ ನೋಡಲಿಲ್ಲವಲ್ಲ ಅಂತ ಬೇಜಾರೂ ಆಯ್ತು. ಅವನನ್ನೇ ಕರೆಸಿ, ಅವನ ಆ್ಯಪ್‌ನಿಂದ ತೆಗೆಸಿ, ನನ್ನ ಖಾತೆಗೆ ಹೊಸದಾಗಿ ಸೇರಿಸಿದೆ. ನಿಮ್ಮ ಮನೆಯಲ್ಲೂ ಬೇರೆಯವರು ಕೂರಿಸಿದ ಕ್ಯಾಮೆರಾ ಇದ್ದರೆ ಇವತ್ತೇ ಮಾಲೀಕರ ಹೆಸರು ನೋಡಿ.

ಆಮೇಲೆ ಯಾರಿಗೆ ಏನು ಕಾಣಬೇಕು, ಯಾರು ಏನು ಮುಟ್ಟಬಹುದು ಅಂತ ಬೇರೆ ಬೇರೆ ಮಾಡಲು ಮೂರು ದಾರಿ ಪ್ರಯತ್ನಿಸಿದೆ.

ಮೊದಲನೆಯದು ಸ್ಮಾರ್ಟ್ ಲೈಫ್. ಕಡಿಮೆ ಬೆಲೆಯ ಪ್ಲಗ್, ದೀಪಗಳು ಹೆಚ್ಚಾಗಿ ಇದೇ ಆ್ಯಪ್ ಕೇಳುತ್ತವೆ. ಇದರಲ್ಲಿ ಮಾಲೀಕ, ಅಡ್ಮಿನ್, ಸಾಮಾನ್ಯ ಸದಸ್ಯ ಅಂತ ಮೂರು ದರ್ಜೆ ಇವೆ. ಸಾಮಾನ್ಯ ಸದಸ್ಯರು ದೀಪ ಹಾಕಬಹುದು, ಆರಿಸಬಹುದು, ಆದರೆ ಉಪಕರಣ ಸೇರಿಸಲು, ತೆಗೆಯಲು ಆಗುವುದಿಲ್ಲ. ಉಪಕರಣಗಳ ಒಂದು ಗುಂಪಿಗೆ ಆ್ಯಪ್ 'ಮನೆ' ಅನ್ನುತ್ತದೆ. ತೊಂದರೆ ಏನೆಂದರೆ, ಆ ಮನೆಗೆ ಸೇರಿದವರ ಫೋನಿಗೆ ಅಲ್ಲಿರುವ ಕ್ಯಾಮೆರಾವೂ ಬಂದುಬಿಡುತ್ತದೆ. ಅದಕ್ಕೆ ಆ್ಯಪ್ ಒಳಗೆ 'ಅಂಗಳ' ಅಂತ ಇನ್ನೊಂದು ಮನೆ ಮಾಡಿ, ಕ್ಯಾಮೆರಾವನ್ನು ತೆಗೆದು ಅಲ್ಲಿಗೆ ಸೇರಿಸಿದೆ. ಅದರಲ್ಲಿ ಈಗ ಅಣ್ಣ, ಅತ್ತಿಗೆ, ನಾನು ಮಾತ್ರ. ಒಂದೇ ಒಂದು ಉಪಕರಣ ಶೇರ್ ಮಾಡುವ ದಾರಿಯೂ ಇದೆ, ನನಗೆ ಅತಿ ಇಷ್ಟವಾದದ್ದು ಅದು. ತೋಟದ ಕೆಲಸಕ್ಕೆ ಬರುವವರಿಗೆ ಅಂಗಳದ ದೀಪ ಮಾತ್ರ ಕೊಟ್ಟಿದ್ದೇನೆ. ಅವರು ಕೆಲಸ ಬಿಟ್ಟರೆ ಒಂದು ಹೆಸರು ಅಳಿಸಿದರೆ ಸಾಕು, ಮನೆಯವರೆಲ್ಲರ ಪಾಸ್‌ವರ್ಡ್ ಬದಲಿಸುವ ಗೋಜಿಲ್ಲ.

ಗೂಗಲ್ ಹೋಮ್ ನೋಡಲು ಚೆಂದ, ಆಯಿಗೂ ಅರ್ಥವಾಗುತ್ತದೆ. ಮೊದಲೆಲ್ಲ ಇದರಲ್ಲಿ ಮನೆಗೆ ಸೇರಿದವರೆಲ್ಲರಿಗೂ ಪೂರ್ತಿ ಅಧಿಕಾರ ಇತ್ತು, ಈಗ ಅಡ್ಮಿನ್, ಮೆಂಬರ್ ಅಂತ ಬೇರೆ ಮಾಡಿದ್ದಾರೆ. ಸೆಟ್ಟಿಂಗ್ ಮುಟ್ಟುವುದು, ಮನೆಯಲ್ಲಿ ಏನೇನಾಯ್ತು ಅಂತ ನೋಡುವುದು, ಎರಡನ್ನೂ ಮೆಂಬರ್‌ಗೆ ಕೊಡಬೇಕೋ ಬೇಡವೋ ನೀವೇ ಹೇಳಬಹುದು. ಇದು ಒಳ್ಳೆಯದು, ಯಾಕೆಂದರೆ ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಕೋಣೆಯ ದೀಪ ಎಷ್ಟು ಗಂಟೆಗೆ ಆರಿತು ಅಂತ ಉಳಿದವರು ಸುಮ್ನೆ ನೋಡುತ್ತಾ ಕೂರುವ ಹಾಗೆ ಆಗಬಾರದು ಅಲ್ವಾ? ಆದರೆ ಸ್ಪೀಕರ್ ಮುಂದೆ ನಿಂತು ಮಾತಾಡುವವರಿಗೆ ಈ ದರ್ಜೆಯೆಲ್ಲ ಲೆಕ್ಕಕ್ಕಿಲ್ಲ. ದನಿ ಗುರುತಿಸುವ ವಾಯ್ಸ್ ಮ್ಯಾಚ್ ನಿಮ್ಮ ಕ್ಯಾಲೆಂಡರ್‌ನಂಥ ಸ್ವಂತ ವಿಷಯ ಕಾಯುತ್ತದೆ, ದೀಪ ಆರಿಸುವುದನ್ನು ತಡೆಯುವುದಿಲ್ಲ. ಹಾಗಾಗಿ ಗೀಸರನ್ನು ಇದಕ್ಕೆ ಜೋಡಿಸಲೇ ಇಲ್ಲ.

ಮೂರನೆಯದು ಹೋಮ್ ಅಸಿಸ್ಟೆಂಟ್. ಉಪಕರಣಗಳನ್ನು ಮನೆಯೊಳಗಿಂದಲೇ ನಡೆಸುವ, 2013ರಲ್ಲಿ ಶುರುವಾದ ಉಚಿತ ತಂತ್ರಾಂಶ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಂದು, ಅದರಲ್ಲಿ ಇದನ್ನು ಕೂರಿಸಲು ಎರಡು ಭಾನುವಾರ ಕೂತೆ. ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಮನೆಯ ನೆಟ್‌ವರ್ಕ್ ಒಳಗಿದ್ದರೆ ಮಾತ್ರ ಲಾಗಿನ್ ಆಗುವಂತೆಯೂ ಮಾಡಬಹುದು, ಅಣ್ಣನ ಮಗನಿಗೆ ಹಾಗೇ ಮಾಡಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್ನೆಟ್ ಹೋದ ದಿನವೂ ಜಿಗ್ಬೀ (ಇಂಟರ್ನೆಟ್ ಬೇಡದ ರೇಡಿಯೊ ಸಂಪರ್ಕ) ಸ್ವಿಚ್‌ಗಳು ಆ್ಯಪ್‌ನಿಂದ ಕೆಲಸ ಮಾಡಿದವು, ಉಳಿದೆರಡು ಆ್ಯಪ್ ಆಗ ಕೈಕಟ್ಟಿ ಕೂತಿದ್ದವು. ನಮ್ಮೂರಿನ ಮಳೆಗೆ ಇದು ದೊಡ್ಡ ವಿಷಯ. ಆದರೆ ಕರೆಂಟ್ ಪದೇ ಪದೇ ಹೋಗಿ ಮೆಮೊರಿ ಕಾರ್ಡ್ ಒಮ್ಮೆ ಹಾಳಾಯ್ತು, ಈಗ ಇನ್ವರ್ಟರ್ ಲೈನಿಗೆ ಹಾಕಿದ್ದೇನೆ. ಇನ್ನೊಂದು ಮಾತು ಜೋರಾಗಿಯೇ ಹೇಳಬೇಕು. ಇದರಲ್ಲಿ ಒಂದು ಪುಟವನ್ನು ಯಾರಿಗೋ ಕಾಣದಂತೆ ಮಾಡಿದರೆ ಅದು ಬೀಗ ಹಾಕಿದಂತೆ ಆಗುವುದಿಲ್ಲ, ಗೊತ್ತಿದ್ದವರು ಬೇರೆ ದಾರಿಯಿಂದ ಆ ಉಪಕರಣ ಮುಟ್ಟಬಹುದು. ಅದಕ್ಕೇ ಕ್ಯಾಮೆರಾ ಇಲ್ಲಿಗೆ ತರಲಿಲ್ಲ.

ಆಪಲ್ ಹೋಮ್ ಬಿಟ್ಟೆ, ಮನೆಯಲ್ಲಿ ಐಫೋನ್ ಇರುವುದು ಅತ್ತಿಗೆ ಒಬ್ಬರ ಹತ್ತಿರ.

ನಮ್ಮಂಥ ಕೂಡುಮನೆಗೆ ನಾನು ಹೇಳುವುದು ಸ್ಮಾರ್ಟ್ ಲೈಫ್, ಅದೂ ಎರಡು ಮನೆ ಮಾಡಿಕೊಂಡು. ಕೂತು ಕಲಿಯುವವರು ಒಬ್ಬರಾದರೂ ಇದ್ದರೆ, ಇಂಟರ್ನೆಟ್ ಜಾಸ್ತಿ ಕೈಕೊಡುವ ಊರಾದರೆ, ದೀಪಗಳಿಗೆ ಹೋಮ್ ಅಸಿಸ್ಟೆಂಟ್.

ಆ್ಯಪ್‌ಗಳಿಂದ ಬಗೆಹರಿಯದ್ದೂ ಒಂದಿದೆ. ಪ್ಲಗ್‌ನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಅದು ರೀಸೆಟ್‌ಗೆ, ಅಂದರೆ ಹೊಸದಾಗಿ ಜೋಡಿಸುವ ಸ್ಥಿತಿಗೆ ಹೋಗುತ್ತದೆ. ಅಣ್ಣನ ಮಗ ಇದನ್ನು ತಾನೇ ಕಂಡುಹಿಡಿದ. ಗೀಸರ್ ಪ್ಲಗ್ಗನ್ನು ಈಗ ಅವನ ಕೈಗೆ ಸಿಗದಷ್ಟು ಮೇಲೆ ಹಾಕಿಸಿದ್ದೇವೆ. ಕ್ಯಾಮೆರಾವನ್ನೂ ಬಟ್ಟೆ ತಂತಿ ಕಾಣದ ಹಾಗೆ ಅಡಿಕೆಯ ಕಡೆಗೆ ತಿರುಗಿಸಿದ್ದಾಯ್ತು, ಅತ್ತಿಗೆ ತಮ್ಮ ಫೋನಿನಲ್ಲೇ ನೋಡಿ "ಹಾಂ, ಈಗ ಸರಿ" ಅಂದ ಮೇಲೆಯೇ ಸ್ಕ್ರೂ ಬಿಗಿ ಮಾಡಿದೆ.