ಬಲಗಾಲಿನ ಹೆಬ್ಬೆರಳು, ಎಡಗಾಲಿನ ಹೆಬ್ಬೆರಳು

ಹುಣ್ಣಿಮೆ ದಿನ ಗಾಣಗಾಪುರದ ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ ನನ್ನದು. ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಇಟ್ಟರೆ ಇನ್ನೊಬ್ಬರ ಕಾಲ ಮೇಲೆ, ಇಲ್ಲದಿದ್ದರೆ ಇನ್ನೊಬ್ಬರ ಕಾಲು ನಮ್ಮ ಮೇಲೆ. ಒಮ್ಮೆ ಒಬ್ಬ ಅಜ್ಜಿ ನನ್ನ ಬಲಗಾಲಿನ ಹೆಬ್ಬೆರಳು ತುಳಿದಳು. ನಾನು ಚೀರಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. "ಯಪ್ಪಾ, ಮೆಲ್ಲಕ ತುಳದೀನಲ್ಲೋ, ಇಷ್ಟ್ಯಾಕ ಚೀರ್ತಿ?" ಅಂದಳು. ಅವಳು ಹೇಳಿದ್ದು ನಿಜ. ತಪ್ಪು ಉಗುರಿನದು. ಅದರ ಅಂಚು ಪಕ್ಕದ ಮಾಂಸದೊಳಗೆ ಇಳಿದು ಕೂತಿತ್ತು.

ಆಮೇಲೆ ಎಡಗಾಲಿಗೂ ಅದೇ ಬಂತು. ಎರಡಕ್ಕೂ ಬೇರೆ ಬೇರೆ ಆಪರೇಷನ್ ಆಯಿತು. ಬಲಗಾಲಿಗೆ ಕಲಬುರಗಿಯಲ್ಲಿ, ಎಡಗಾಲಿಗೆ ಹೈದರಾಬಾದಿನಲ್ಲಿ. ಒಬ್ಬನೇ ಮನುಷ್ಯನ ಮೇಲೆ ಎರಡೂ ನಡೆದಿರುವುದರಿಂದ ಹೋಲಿಸುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಅದಕ್ಕೂ ಮೊದಲು ಮನೆಮದ್ದು. ನಮ್ಮ ಕಡೆ ಬೆರಳು ಬಾತರೆ ಎಲ್ಲದಕ್ಕೂ ಉಗುರುಸುತ್ತು ಅಂತಲೇ ಹೆಸರು. ಅವ್ವ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೊಪ್ಪಿಗೆಯಂತೆ ಹಾಕಿದಳು. ಉರಿಯಿತು, ಅಷ್ಟೇ. ಚುಚ್ಚುವ ಮೂಲೆಯನ್ನು ನಾನೇ ಬ್ಲೇಡಿನಿಂದ ತೆಗೆದೆ. ಎರಡು ದಿನ ಸ್ವರ್ಗ. ಆದರೆ ಆಳದಲ್ಲಿ ಮುಳ್ಳಿನಂಥ ಚೂರು ಉಳಿದು, ಉಗುರು ಬೆಳೆದಂತೆ ಅದು ಇನ್ನೂ ಒಳಕ್ಕೆ ಹೋಯಿತು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಶುಗರ್ ಇದ್ದವರಂತೂ ಬ್ಲೇಡು ಮುಟ್ಟಲೇಬಾರದು.

ಕೆಲಸಕ್ಕೆ ಬಂದದ್ದು ಒಂದೇ: ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಹದಿನೈದು ನಿಮಿಷ ನೆನೆದ ಮೇಲೆ, ಅಂಚಿನ ಕೆಳಗೆ ತೆಳ್ಳಗೆ ಹೊಸೆದ ಹತ್ತಿ ಎಳೆ ಸೇರಿಸುವುದು. ದಿನಾ ಹೊಸ ಹತ್ತಿ. ಅಂಚು ಮಾಂಸದಿಂದ ಸ್ವಲ್ಪ ಮೇಲೆದ್ದು ಬೆಳೆಯುತ್ತದೆ. ಎಡಗಾಲು ಇದರ ಮೇಲೆಯೇ ಕೆಲವು ತಿಂಗಳು ನಡೆಯಿತು. ಬರೀ ಕೆಂಪಾಗಿ ನೋವಿದ್ದರೆ ಇದು ಸಾಕಾಗಬಹುದು. ಕೀವು ಬಂದು, ಪಕ್ಕದಲ್ಲಿ ಹಸಿ ಮಾಂಸ ಗುಳ್ಳೆಯಂತೆ ಬೆಳೆದ ಮೇಲೆ ಹತ್ತಿ ಇಡಲು ಹೋದರೆ ಮನೆಯವರಿಗೆಲ್ಲ ನಿದ್ದೆ ಇಲ್ಲ.

ಬಲಗಾಲು ಆ ಹಂತ ದಾಟಿದಾಗ ಊರಲ್ಲೇ ಒಂದು ಸಣ್ಣ ಆಸ್ಪತ್ರೆಯ ಸರ್ಜನ್ ಹತ್ತಿರ ಹೋದೆ. ಎರಡು ಸಲ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟರು. ಬಾವು ಇಳಿಯಿತು, ಮಾತ್ರೆ ಮುಗಿದ ಮೇಲೆ ಮತ್ತೆ ಏರಿತು. ಚುಚ್ಚುವ ಉಗುರು ಅಲ್ಲೇ ಇತ್ತಲ್ಲ! ಕೊನೆಗೆ "ಪೂರ್ತಿ ಉಗುರು ತೆಗೆದುಬಿಡೋಣ" ಅಂದರು. ಬೆರಳಿನ ಬುಡದಲ್ಲಿ ಎರಡೂ ಕಡೆ ಮರಗಟ್ಟಿಸುವ ಇಂಜೆಕ್ಷನ್. ನಿಜವಾದ ನೋವು ಅಂದರೆ ಅದೊಂದೇ, ಎರಡೂ ಆಪರೇಷನ್ನಿನಲ್ಲಿ. ಆಮೇಲೆ ರಬ್ಬರಿನಿಂದ ಬೆರಳು ಬಿಗಿದು, ಉಗುರಿನ ಕೆಳಗೆ ಸಲಾಕೆಯಂಥದ್ದನ್ನು ತೂರಿಸಿ ಎತ್ತಿ, ಇಕ್ಕಳದಲ್ಲಿ ಹಿಡಿದು ಎಳೆದರು. ನೋವಿಲ್ಲ, ಆದರೆ ಎಳೆತ ಗೊತ್ತಾಗುತ್ತದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಮಲಗಿದ್ದೆ.

ಔಷಧಿ ಸೇರಿ ಮೂರೂವರೆ ಸಾವಿರ ಆಯಿತು. ಎರಡನೇ ದಿನ ಬ್ಯಾಂಡೇಜು ಬಟ್ಟೆ ಹಸಿ ಗಾಯಕ್ಕೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದ್ದನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ. ಹನ್ನೆರಡು ದಿನ ರಜೆ. ಮೂರು ವಾರಕ್ಕೆ ಗಾಯ ಒಣಗಿತು, ಬೋಳು ಬೆರಳಾದರೂ ಆರಾಮ. ಆಗ ಕೇಳಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅಂತಲೇ ಹೇಳುತ್ತಿದ್ದೆ.

ಕಾಲಿನ ಉಗುರು ಬಹಳ ನಿಧಾನ. ತಿಂಗಳಿಗೆ ಒಂದೂವರೆ ಮಿಲಿಮೀಟರ್ ಆಜುಬಾಜು. ಹೆಬ್ಬೆರಳಿಗೆ ಪೂರ್ತಿ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ, ಮೇಲೆ ಒತ್ತಿ ಹಿಡಿಯುವ ಉಗುರಿಲ್ಲದ್ದರಿಂದ ಬೆರಳ ತುದಿಯ ಮಾಂಸ ಉಬ್ಬಿ ಮೇಲೇಳುತ್ತದೆ. ಹೊಸ ಉಗುರು ಬಂದು ಅದಕ್ಕೇ ಗುದ್ದುತ್ತದೆ. ನನಗೆ ಹತ್ತನೇ ತಿಂಗಳಿಗೆ ಅದೇ ಆಯಿತು. ಮೊದಲು ಒಂದು ಪಕ್ಕ ಚುಚ್ಚುತ್ತಿತ್ತು, ಈಗ ಎದುರೂ ಚುಚ್ಚುತ್ತದೆ. ಉಗುರು ಹುಟ್ಟುವ ಬುಡವನ್ನು ಯಾರೂ ಮುಟ್ಟಿರಲಿಲ್ಲವಲ್ಲ. ಬೇರು ಬಿಟ್ಟು ಕರಿಕೆ ಕೊಯ್ದ ಹಾಗೆ.

ಅಷ್ಟೊತ್ತಿಗೆ ಎಡಗಾಲಿನಲ್ಲೂ ಕೀವು. ನರ್ಸಿಂಗ್ ಓದುವ ಮಗಳು ಮೊಬೈಲಿನಲ್ಲಿ 2012ರ ಕಾಕ್ರೇನ್ ವಿಮರ್ಶೆಯೊಂದನ್ನು ಓದಿ ಹೇಳಿದಳು. ಕಾಕ್ರೇನ್ ಅಂದರೆ ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಕಲೆಹಾಕಿ ತೂಗಿ ನೋಡುವ ಸಂಸ್ಥೆ. 24 ಪ್ರಯೋಗಗಳನ್ನು ಒಟ್ಟಿಗೆ ನೋಡಿದ್ದಾರೆ ಅಂತೆ. ಉಗುರು ಮತ್ತೆ ಚುಚ್ಚದಿರಲು ಕತ್ತರಿಸುವುದರ ಜೊತೆ ಫಿನಾಲ್ ಎಂಬ ಸುಡುವ ರಾಸಾಯನಿಕ ಹಚ್ಚುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಅದರ ಸಾರ. "ಅಪ್ಪಾ, ಈ ಸಲ ನನ್ನ ಮಾತು ಕೇಳು" ಅಂದಳು. ಕೇಳಿದೆ.

ನಮ್ಮೂರಿನವರಿಗೆ ದೊಡ್ಡ ಡಾಕ್ಟರ್ ಅಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ಬೆಂಗಳೂರು ಅದರ ನಂತರ. ಬೆಳಗಿನ ರೈಲು ಹಿಡಿದು ಹೈದರಾಬಾದಿನ ಒಂದು ಪಾದದ ಕ್ಲಿನಿಕ್ಕಿಗೆ ಹೋದೆವು. ಪೋಡಿಯಾಟ್ರಿಸ್ಟ್, ಅಂದರೆ ಪಾದವನ್ನೇ ನೋಡುವ ಡಾಕ್ಟರ್. ಮಾತು ನಮ್ಮ ಬಂದೇನವಾಜ ದರ್ಗಾದ ಸುತ್ತ ಕೇಳುವಂಥದ್ದೇ ದಖನಿ, ಹಾಗಾಗಿ ತೊಂದರೆ ಆಗಲಿಲ್ಲ. ಅವರು ಮೊದಲು ನೋಡಿದ್ದು ಉಗುರನ್ನಲ್ಲ. ಪಾದದ ಮೇಲಿನ ನಾಡಿ ಹಿಡಿದರು, ಶುಗರ್ ನೋಡಿದರು, ನನ್ನ ಶೂ ಬಿಚ್ಚಿಸಿ ಒಳಗೆ ಕೈ ಹಾಕಿ ಅಗಲ ನೋಡಿದರು. ರಕ್ತ ಓಡಾಟ ಸರಿ ಇಲ್ಲದ ಕಾಲಿಗೆ ಫಿನಾಲ್ ಹಾಕಿದರೆ ಗಾಯ ಮಾಯುವುದಿಲ್ಲವಂತೆ.

ಇಂಜೆಕ್ಷನ್ ಅದೇ, ರಬ್ಬರ್ ಅದೇ. ಆದರೆ ಇಡೀ ಉಗುರಿಗೆ ಕೈ ಹಚ್ಚಲಿಲ್ಲ. ಚುಚ್ಚುವ ಕಡೆಯ ಮೂರ್ನಾಲ್ಕು ಮಿಲಿಮೀಟರ್ ಪಟ್ಟಿಯನ್ನು ಬುಡದವರೆಗೆ ಸೀಳಿ ತೆಗೆದರು. ನಂತರ ಕಡ್ಡಿಗೆ ಸುತ್ತಿದ ಹತ್ತಿಯನ್ನು ಫಿನಾಲಿನಲ್ಲಿ ಅದ್ದಿ, ಆ ಸಂದಿಯ ಬುಡಕ್ಕೆ ಒತ್ತಿ ಹಿಡಿದರು. ಒಂದು ನಿಮಿಷ, ಹೊಸ ಹತ್ತಿ, ಮತ್ತೆ ಒಂದು ನಿಮಿಷ. ಕೊನೆಗೆ ಸ್ಪಿರಿಟ್‌ನಿಂದ ತೊಳೆದರು. ಅಷ್ಟಗಲದಲ್ಲಿ ಉಗುರು ಹುಟ್ಟಿಸುವ ಬುಡ ಸುಟ್ಟುಹೋಗುತ್ತದೆ. ಉಳಿದ ಉಗುರು ತನ್ನ ಪಾಡಿಗೆ ಬೆಳೆಯುತ್ತದೆ. ಫಿನಾಲಿಗೆ ಹಳೇ ಕೆಂಪು ಲೈಫ್‌ಬಾಯ್ ಸಾಬೂನಿನ ವಾಸನೆ. ಎರಡೂ ಕಾರ್ಬಾಲಿಕ್ ಬಳಗವೇ.

ಅದೇ ಸಂಜೆ ರೈಲಿನಲ್ಲಿ ಎದುರು ಸೀಟಿನ ಮೇಲೆ ಕಾಲು ಚಾಚಿ ವಾಪಸ್ ಬಂದೆ. ರಾತ್ರಿ ನೋವಿನ ಮಾತ್ರೆ ಒಂದೇ ಸಾಕಾಯಿತು. ಫಿನಾಲ್ ಅಲ್ಲಿಯ ನರದ ತುದಿಗಳನ್ನೂ ಮಂಕು ಮಾಡುತ್ತದೆ, ಅದಕ್ಕೇ ನೋವು ಕಡಿಮೆ. ಐದನೇ ದಿನ ಡ್ಯೂಟಿಗೆ ಹೋದೆ. ಕೆಲವು ವಾರ ಶೂ ಬದಲು ಸ್ಯಾಂಡಲ್ ಹಾಕುತ್ತೇನೆ ಅಂತ ಡಿಪೋದಲ್ಲಿ ಕೇಳಿಕೊಂಡೆ, ಒಪ್ಪಿದರು.

ಇದರ ಕೆಟ್ಟ ಮುಖವನ್ನೂ ಹೇಳಬೇಕು. ಗಾಯ ನಾಲ್ಕು ವಾರ ಸೋರಿತು. ದಿನಾ ತೊಳೆಯಬೇಕು, ದಿನಾ ಬಟ್ಟೆ ಬದಲಿಸಬೇಕು. ಹಳದಿ ನೀರು ನೋಡಿ ಕೀವು ಅಂತ ಹೆದರಿ ಎರಡು ಸಲ ಡಾಕ್ಟರಿಗೆ ಫೋಟೋ ಕಳಿಸಿದೆ. ಫಿನಾಲಿನಿಂದ ಆದ ಸುಟ್ಟಗಾಯ ಹೀಗೆಯೇ ಸೋರುತ್ತದೆ, ಬೆರಳು ಬಿಸಿಯಾಗಿ ಕೆಂಪು ಮೇಲಕ್ಕೆ ಹಬ್ಬಿದರೆ ಮಾತ್ರ ಓಡಿ ಬನ್ನಿ ಅಂದರು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಧೂಳಿನ ಬಸ್ಸಿನೊಳಗೆ ಸೋರುವ ಬೆರಳು ಇಟ್ಟುಕೊಂಡು ತಿರುಗುವುದು ಸುಲಭ ಅಲ್ಲ. ಚಳಿಗಾಲದಲ್ಲಿ ಮಾಡಿಸಿಕೊಳ್ಳಬೇಕಿತ್ತು. ಇನ್ನು ಖರ್ಚು: ಪ್ರಯಾಣ ಸೇರಿ ಹನ್ನೊಂದು ಸಾವಿರ, ಬಲಗಾಲಿನ ಮೂರು ಪಟ್ಟು.

ಆದರೂ ನನ್ನ ಮತ ಎಡಗಾಲಿಗೆ. ಒಂದೂವರೆ ವರ್ಷವಾಯಿತು, ಆ ಕಡೆ ಏನೂ ಚುಚ್ಚಿಲ್ಲ. ಉಗುರು ಸ್ವಲ್ಪ ಸಣ್ಣಗೆ ಕಾಣುತ್ತದೆ, ಹತ್ತಿರ ಬಂದು ನೋಡಿದವರಿಗೆ ಮಾತ್ರ. ಪೂರ್ತಿ ಕೀಳಿಸುವುದು ಅಗ್ಗ, ಹತ್ತಿರ, ಬೇಗ ಒಣಗುತ್ತದೆ, ಆದರೆ ಬುಡ ಬಿಟ್ಟರೆ ಅದು ಬರೀ ವರ್ಷದ ರಜೆ. ಹೈದರಾಬಾದಿಗೇ ಹೋಗಬೇಕು ಅಂತಲೂ ಇಲ್ಲ. ಇದೇನು ದೊಡ್ಡ ಯಂತ್ರದ ಕೆಲಸವಲ್ಲ, ಯಾವ ಸರ್ಜನ್ ಆದರೂ ಮಾಡಬಹುದು. "ಪಕ್ಕ ಮಾತ್ರ ತೆಗೆದು ಬುಡಕ್ಕೆ ಫಿನಾಲ್ ಹಾಕ್ತೀರಾ ಸರ್?" ಅಂತ ಮೊದಲೇ ಕೇಳಿ. ನಾನು ಕೇಳಿರಲಿಲ್ಲ.

ಈಗ ಬಲಗಾಲಿಗೂ ಅದನ್ನೇ ಮಾಡಿಸಬೇಕು. ಶರಣಬಸವೇಶ್ವರರ ಜಾತ್ರೆ ಮುಗಿಯಲಿ ಅಂತ ಕಾಯುತ್ತಿದ್ದೇನೆ. ಆ ವಾರ ನಮಗ್ಯಾರಿಗೂ ರಜೆ ಸಿಗುವುದಿಲ್ಲ. ಅಲ್ಲಿಯವರೆಗೆ ಬಲಗಾಲನ್ನು ಸೀಟಿನ ಕೆಳಗೆ ಇಟ್ಟುಕೊಂಡೇ ಟಿಕೆಟ್ ಕೊಡುತ್ತೇನೆ.