ತೋಟದ ಪಂಪಿಗೆ ಕ್ಲ್ಯಾಂಪ್ ಮೀಟರಾ, ಪ್ಲಗ್ ಮೀಟರಾ, ಫೋನ್ ಆಪಾ?

ಮೊದಲೇ ಹೇಳಿಬಿಡ್ತೇನೆ, ನನ್ನ ವೋಟು ಕ್ಲ್ಯಾಂಪ್ ಮೀಟರಿಗೆ, ಅಂದ್ರೆ ವಯರಿನ ಸುತ್ತ ಬಾಯಿ ಕಚ್ಚಿಸಿ ಕರೆಂಟ್ ಅಳೆಯುವ ಸಾಧನಕ್ಕೆ. ಬದಿಯಡ್ಕದಿಂದ 1,250 ರೂಪಾಯಿ ಕೊಟ್ಟು ತಂದದ್ದು. ಮರುದಿನವೇ ಹಾಳು ಅಂತ ವಾಪಸು ಹೊತ್ತುಕೊಂಡು ಹೋದದ್ದೂ ಅದನ್ನೇ.

ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಡುವಾಗ ನಮ್ಮ ಪಂಪು ಸುಸ್ತಾದವರ ಹಾಗೆ ಗುಂಯ್‌ಗುಡುತ್ತಿತ್ತು. ಮನೆಯಿಂದ ಕೆರೆಗೆ 110 ಮೀಟರ್ ವಯರು. ದಾರಿಯಲ್ಲಿ ಎಷ್ಟು ವೋಲ್ಟ್ ಹೋಗ್ತಿದೆ ಅಂತ ತಿಳಿಯಬೇಕಿತ್ತು.

ಫೋನ್ ಆಪ್ ಬಿಟ್ಟಿ. ವೋಲ್ಟ್, ಆಂಪಿಯರ್, ಓಮ್, ವ್ಯಾಟ್ ಇವುಗಳಲ್ಲಿ ಎರಡು ಕೊಟ್ಟರೆ ಉಳಿದೆರಡು ಹೇಳುತ್ತದೆ. ಇಸ್ತ್ರಿಪೆಟ್ಟಿಗೆಗೆ ಸರಿಯೇ: 230 ವೋಲ್ಟಿಗೆ 1000 ವ್ಯಾಟ್ ಅಂದ್ರೆ 4.35 ಆಂಪಿಯರ್, ಸುಮಾರು 53 ಓಮ್. ಆದರೆ ಹಳೇ ಮಲ್ಟಿಮೀಟರಲ್ಲಿ ಮೋಟಾರಿನ ಸುರುಳಿ ನೋಡಿದರೆ 4 ಓಮ್ ಬಂತು, ಆಪಿಗೆ ಹಾಕಿದರೆ 57 ಆಂಪಿಯರ್ ಅಂತು! ಎಸಿಯಲ್ಲಿ, ಅಂದ್ರೆ ದಿಕ್ಕು ಬದಲಿಸುತ್ತಲೇ ಇರುವ ಮನೆ ಕರೆಂಟಿನಲ್ಲಿ, ಸುರುಳಿ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ, ಪಾಪ ಆಪಿಗೆ ಅದು ಹೇಗೆ ಗೊತ್ತಾಗಬೇಕು.

ಪ್ಲಗ್ ಮೀಟರ್ ಭಾವನದ್ದು, ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವಂಥದ್ದು. ವ್ಯಾಟ್, ಯೂನಿಟ್ ಎಲ್ಲ ತೋರಿಸುತ್ತದೆ, ಫ್ರಿಜ್ಜಿಗೆ ಚಂದ. ಪಂಪಿಗೆ ಪ್ಲಗ್ಗೇ ಇಲ್ಲ, ವಯರು ನೇರ ಸ್ಟಾರ್ಟರಿಗೆ. ಮುಗೀತು.

ಇನ್ನು ಕ್ಲ್ಯಾಂಪಿನ ಕಥೆ. ಮೀಟರಿನ ಬಾಯಿ ತೆರೆದು ಪಂಪಿನ ದಪ್ಪ ಕೇಬಲಿಗೆ ಕಚ್ಚಿಸಿದೆ. 0.00. ಪಂಪು ಓಡ್ತಾ ಇದೆ, ಸ್ಪ್ರಿಂಕ್ಲರ್ ತಿರುಗ್ತಾ ಇದೆ, ಮೀಟರಲ್ಲಿ ಸೊನ್ನೆ. ಸೆಲ್ ತೆಗೆದು ಹಾಕಿದೆ, ಬಾಯಿ ಒರೆಸಿದೆ, ಎರಡು ಕಡೆ ಬೇರೆ ಬೇರೆ ಜಾಗದಲ್ಲಿ ಕಚ್ಚಿಸಿ ನೋಡಿದೆ, ಅದೇ ಸೊನ್ನೆ.

ಅಂಗಡಿಯವರು ಬೈಲಿಲ್ಲ, ನಕ್ಕರು. ಒಂದು ಎಕ್ಸ್‌ಟೆನ್ಶನ್ ಬೋರ್ಡಿನ ಹೊರಗಿನ ಕವಚ ಸೀಳಿ, ಫೇಸ್ ವಯರನ್ನು ಮಾತ್ರ ಹೊರಗೆಳೆದು ಕಚ್ಚಿಸಿದರು. ಹೀಟರ್ ಹಾಕಿದ ಕೂಡಲೇ ಅಂಕಿ ಬಂತು. ಮೀಟರ್ ಹಿಡಿಯುವುದು ವಯರಿನ ಸುತ್ತಲಿನ ಕಾಂತಕ್ಷೇತ್ರವನ್ನು. ಕೇಬಲಿನಲ್ಲಿ ಫೇಸಿನಲ್ಲಿ ಹೋದದ್ದೇ ನ್ಯೂಟ್ರಲಿನಲ್ಲಿ ವಾಪಸು ಬರುತ್ತದೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಇಷ್ಟನ್ನು ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿದ್ದರೆ ನನಗೆ ಬಸ್ ಚಾರ್ಜಾದರೂ ಉಳೀತಿತ್ತು, ಅಲ್ವಾ?

ಮನೆಗೆ ಬಂದು ಮೈನ್ ಆಫ್ ಮಾಡಿ, ಸ್ಟಾರ್ಟರಿನ ಮುಚ್ಚಳ ತೆಗೆದು, ಕೆಂಪು ವಯರಿಗೆ ಒಂದಕ್ಕೇ ಕಚ್ಚಿಸಿ, ಆಮೇಲೆ ಆನ್ ಮಾಡಿದೆ. 8.2 ಆಂಪಿಯರ್. ಅದೇ ಮೀಟರಿನ ಕಡ್ಡಿಗಳಲ್ಲಿ ವೋಲ್ಟೇಜ್ ನೋಡಿದರೆ ಮನೆ ಬೋರ್ಡಲ್ಲಿ 218, ಸ್ಟಾರ್ಟರಲ್ಲಿ 205.

ಉಳಿದದ್ದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ. 2.5 ಸ್ಕ್ವೇರ್ (ದಪ್ಪ 2.5 ಚದರ ಮಿಲಿಮೀಟರ್) ತಾಮ್ರದ ವಯರು ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರಲು 220 ಮೀಟರ್, ಅಂದ್ರೆ 1.63 ಓಮ್. ಅದನ್ನು 8.2ರಿಂದ ಗುಣಿಸಿದರೆ 13.4 ವೋಲ್ಟ್. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು! ಇನ್ನೊಮ್ಮೆ 8.2ರಿಂದ ಗುಣಿಸಿದರೆ ಸುಮಾರು 110 ವ್ಯಾಟ್, ವಯರನ್ನು ಬಿಸಿ ಮಾಡಲಿಕ್ಕೇ ಹೋಗುವುದು.

ಕೊರತೆ ಇಲ್ಲ ಅಂತಲ್ಲ. ಈ ರೇಟಿನ ಕ್ಲ್ಯಾಂಪು ಎಸಿ ಕರೆಂಟನ್ನು ಮಾತ್ರ ಅಳೆಯುತ್ತದೆ, ಇನ್ವರ್ಟರ್ ಬ್ಯಾಟರಿಯ ಡಿಸಿ ಕರೆಂಟಿಗೆ ಆಗುವುದಿಲ್ಲ. ವ್ಯಾಟ್ ಕೂಡ ಹೇಳುವುದಿಲ್ಲ. ನನಗೆ ಪೆನ್ಸಿಲ್ ಹಿಡಿಯುವ ಅಭ್ಯಾಸ ಇದೆ, ತೊಂದರೆಯಿಲ್ಲ. ಮನೆಯೊಳಗಿನ ಬಿಲ್ಲಿನ ಚಿಂತೆ ಮಾತ್ರ ಇದ್ದರೆ ಪ್ಲಗ್ ಮೀಟರೇ ತಗೊಳ್ಳಿ.

4 ಸ್ಕ್ವೇರ್ ವಯರು ಹಾಕಿದರೆ ನಷ್ಟ ಸುಮಾರು 8 ವೋಲ್ಟಿಗೆ ಇಳಿಯುತ್ತದೆ. ಅದು ಅಡಿಕೆ ಕೊಟ್ಟ ಮೇಲಿನ ಮಾತು. ಅಲ್ಲಿವರೆಗೆ ಬೆಳಿಗ್ಗೆ 5ಕ್ಕೆ ಎದ್ದು ಪಂಪು ಹಾಕ್ತೇನೆ, ಆಗ ಬೋರ್ಡಲ್ಲಿ 230ರ ಹತ್ತಿರ ಇರುತ್ತದೆ.